ನರದ ಪಕ್ಕ ಯಾವ ಸಿಮೆಂಟ್? ಸುಣ್ಣ, ಎಂಟಿಎ, ಬಯೋಡೆಂಟೀನ್ ಮತ್ತು ಉಳಿದವು

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಒಬ್ಬರು ಎಂಟು ವರ್ಷದ ಮಗಳನ್ನು ಕರೆದುಕೊಂಡು ಹಾಸನದ ನಮ್ಮ ಕ್ಲಿನಿಕ್‌ಗೆ ಬಂದಿದ್ದರು. ಅವರು ಗಾರೆ ಕೆಲಸದವರು. ಮಗುವಿನ ಕೆಳಗಿನ ದವಡೆ ಹಲ್ಲು ಹುಳುಕಾಗಿತ್ತು. ತಣ್ಣೀರು ಕುಡಿದರೆ ಜುಮ್ ಅನ್ನುತ್ತಿತ್ತು. ರಾತ್ರಿ ನಿದ್ದೆ ಕೆಡಿಸುವಂಥ ನೋವು ಇರಲಿಲ್ಲ. ಹುಳುಕು ತೆಗೆಯುತ್ತಾ ಹೋದೆ. ಗುಂಡಿಯ ತಳದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಕಾಣಿಸಿತು. ನೋಡನೋಡುತ್ತಿದ್ದಂತೆ ರಾಗಿಕಾಳಿನಷ್ಟಾಯಿತು.

"ನರಕ್ಕೆ ತಾಗಿತಾ ಮೇಡಂ? ನರ ತೆಗೆದುಬಿಡ್ತೀರಾ?" ಅಂದರು ಅಪ್ಪ.

"ಬೇಡ, ಉಳಿಸಿಕೊಳ್ಳೋಣ. ಮೇಲೆ ಸಿಮೆಂಟ್ ಹಾಕ್ತೀನಿ."

"ಯಾವ ಸಿಮೆಂಟು?"

ಇಷ್ಟು ವರ್ಷದಲ್ಲಿ ನನಗೆ ಈ ಪ್ರಶ್ನೆ ಕೇಳಿದವರು ತೀರ ಕಡಿಮೆ. ಆದರೆ ಆ ಹೊತ್ತಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ಅವರಿಗೆ ಅವತ್ತು ಗಡಿಬಿಡಿಯಲ್ಲಿ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ಹಲ್ಲು ತೋರಿಸಿಕೊಳ್ಳುವವರಿಗೂ ಬೇಕು, ಈಗಷ್ಟೇ ಕ್ಲಿನಿಕ್ ಇಟ್ಟಿರುವ ಕಿರಿಯ ಡಾಕ್ಟರುಗಳಿಗೂ ಬೇಕು.

ನಾವೆಲ್ಲ "ನರ" ಅಂತ ಕರೆಯುವುದು ಹಲ್ಲಿನ ತಿರುಳನ್ನು. ಅದರಲ್ಲಿ ನರದ ಜೊತೆಗೆ ರಕ್ತನಾಳಗಳಿವೆ, ಜೀವಕೋಶಗಳಿವೆ. ಅಂಚಿನಲ್ಲಿ ಸಾಲಾಗಿ ನಿಂತ ಕೋಶಗಳು ಡೆಂಟಿನ್ ಕಟ್ಟುತ್ತವೆ. ಡೆಂಟಿನ್ ಅಂದರೆ ಎನಾಮೆಲ್ ಕೆಳಗಿನ ಹಳದಿ ಛಾಯೆಯ ಗಟ್ಟಿ ಭಾಗ. ಆ ಸಾಲಿನ ಕೋಶಗಳು ಸತ್ತರೆ ತಿರುಳಿನ ಒಳಗಿರುವ ಸ್ಟೆಮ್ ಸೆಲ್‌ಗಳು ಮುಂದೆ ಬಂದು ಅವುಗಳ ಜಾಗದಲ್ಲಿ ನಿಲ್ಲಬಲ್ಲವು. ಈ ಸ್ಟೆಮ್ ಸೆಲ್‌ಗಳನ್ನು 2000ನೇ ಇಸವಿಯಲ್ಲಿ ಗ್ರೊಂಥೋಸ್ ಮತ್ತು ಸಂಗಡಿಗರು ಬೇರ್ಪಡಿಸಿ ತೋರಿಸಿದರು. ಎಂಟು ವರ್ಷದ ಮಗುವಿನಲ್ಲಿ ಶಾಶ್ವತ ದವಡೆ ಹಲ್ಲಿನ ಬೇರಿನ ತುದಿ ಇನ್ನೂ ತೆರೆದೇ ಇರುತ್ತದೆ. ತಿರುಳು ಬದುಕಿದ್ದರೆ ಮಾತ್ರ ಬೇರು ಪೂರ್ತಿ ಬೆಳೆಯುತ್ತದೆ. ಅದಕ್ಕೇ ಆ ರಾಗಿಕಾಳಿನಷ್ಟು ಜಾಗದ ಮೇಲೆ ಏನು ಕೂರಿಸುತ್ತೇವೆ ಅನ್ನುವುದು ಅಷ್ಟು ದೊಡ್ಡ ವಿಷಯ.

ಮೊದಲು ದೂರ, ಆಮೇಲೆ ಹೆಸರು

"ಯಾವ ಸಿಮೆಂಟ್ ಒಳ್ಳೆಯದು" ಅಂತ ಸುಮ್ನೆ ಕೇಳಿದರೆ ಉತ್ತರ ಇಲ್ಲ. ಆ ಸಿಮೆಂಟಿಗೂ ತಿರುಳಿಗೂ ನಡುವೆ ಎಷ್ಟು ಡೆಂಟಿನ್ ಉಳಿದಿದೆ ಅಂತ ಮೊದಲು ನೋಡಬೇಕು.

ಡೆಂಟಿನ್ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ. ತಿರುಳಿನ ಹತ್ತಿರ ಒಂದು ಚದರ ಮಿಲಿಮೀಟರಿಗೆ ಸುಮಾರು 45,000. ಎನಾಮೆಲ್ ಕಡೆಗೆ ಬಂದರೆ ಸುಮಾರು 20,000. ಅಂದರೆ ಗುಂಡಿ ಆಳವಾದಷ್ಟೂ ಜರಡಿಯ ತೂತು ಹೆಚ್ಚಾದ ಹಾಗೆ. ಸಿಮೆಂಟಿನಿಂದ ಜಿನುಗುವ ಆಮ್ಲ, ಎಣ್ಣೆ, ರಾಳ (ರೆಸಿನ್) ಎಲ್ಲ ಈ ದಾರಿಯಲ್ಲೇ ಒಳಗೆ ಹೋಗುತ್ತವೆ. ನಮ್ಮ ಪಠ್ಯಗಳು ಹೇಳುವ ಲೆಕ್ಕದಲ್ಲಿ ಅರ್ಧ ಮಿಲಿಮೀಟರ್ ಡೆಂಟಿನ್ ಉಳಿದಿದ್ದರೆ ವಿಷದ ಪ್ರಭಾವ ಶೇ. 75ರಷ್ಟು ಕಡಿಮೆ, ಒಂದು ಮಿಲಿಮೀಟರ್ ಇದ್ದರೆ ಶೇ. 90ರಷ್ಟು ಕಡಿಮೆ. ಉಗುರಿನ ದಪ್ಪದಷ್ಟು ಡೆಂಟಿನ್ ಅಷ್ಟು ಕಾಯುತ್ತದೆ. ಹಾಗಾಗಿ ಕೋಶಗಳನ್ನು ನೇರ ತಾಗಿ ಕೊಲ್ಲುವ ಸಿಮೆಂಟ್ ಕೂಡ ಒಂದು ಮಿಲಿಮೀಟರ್ ಆಚೆ ಕೂತರೆ ಸಭ್ಯವಾಗಿರುತ್ತದೆ. ಈ ಕಾರಣಕ್ಕೇ ಈಗ ಆಳವಾದ ಹುಳುಕಿನಲ್ಲಿ ತಿರುಳಿನ ಮೇಲಿನ ಕೊನೆಯ ಮೆತ್ತಗಿನ ಪದರವನ್ನು ಕೆರೆದು ತೆಗೆಯುವುದಿಲ್ಲ. ಹಾಗೇ ಬಿಟ್ಟು ಮೇಲೆ ಗಾಳಿಯಾಡದಂತೆ ಮುಚ್ಚುತ್ತೇವೆ. ಯುರೋಪಿನ ಎಂಡೊಡಾಂಟಿಕ್ಸ್ (ತಿರುಳಿನ ಚಿಕಿತ್ಸೆ) ಸಂಘ 2019ರಲ್ಲಿ ಕೊಟ್ಟ ಸಲಹೆಯೂ ಇದೇ ದಾರಿಯದು.

ಗಾಜಿನ ತಟ್ಟೆ ಏನು ಹೇಳುತ್ತದೆ

ಈ ಸಿಮೆಂಟುಗಳ ಬಗ್ಗೆ ಓದಲು ಹೋದರೆ "ಕೋಶಗಳ ಬೆಳವಣಿಗೆ ಇಷ್ಟಾಯಿತು, ಅಷ್ಟಾಯಿತು" ಅನ್ನುವ ಅಧ್ಯಯನಗಳೇ ಜಾಸ್ತಿ ಸಿಗುತ್ತವೆ. ಅವನ್ನು ಹೇಗೆ ಓದಬೇಕು ಅಂತ ತಿಳಿಯದಿದ್ದರೆ ದಾರಿ ತಪ್ಪುತ್ತೇವೆ.

ನಾನು ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಓದುವಾಗ ಈ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಕ್ಲಿಪ್ ಹಾಕಲು ಜಾಗ ಬೇಕೆಂದು ಕಿತ್ತ ಆರೋಗ್ಯವಾದ ಹಲ್ಲನ್ನು ಸೀಳಿದರೆ ಒಳಗೆ ಗುಲಾಬಿ ಬಣ್ಣದ ಎಳೆ ಸಿಗುತ್ತದೆ. ಒದ್ದೆ ನೂಲಿನ ಹಾಗೆ. ಅದನ್ನು ಸಣ್ಣಗೆ ಕತ್ತರಿಸಿ, ಪೋಷಕ ದ್ರವದಲ್ಲಿ ಹಾಕಿ, 37 ಡಿಗ್ರಿ ಬಿಸಿ ಮತ್ತು ಶೇ. 5 ಕಾರ್ಬನ್ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಕೆಲವು ದಿನಗಳಲ್ಲಿ ಕೋಶಗಳು ತುಂಡಿನಿಂದ ಹೊರಗೆ ಹರಿದಾಡುತ್ತಾ ಬರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದುದ್ದಕ್ಕೆ, ಎರಡೂ ತುದಿ ಚೂಪಾಗಿ, ಗಾಳಿಗೆ ಒಂದೇ ಕಡೆ ಬಾಗಿದ ಭತ್ತದ ಪೈರಿನ ಹಾಗೆ ಮಲಗಿರುತ್ತವೆ.

ಆಮೇಲೆ ಸಿಮೆಂಟಿನ ಬಿಲ್ಲೆಯನ್ನು ಒಂದು ದಿನ ದ್ರವದಲ್ಲಿ ನೆನೆಹಾಕಿ, ಆ ನೀರನ್ನು 96 ಗುಳಿಗಳಿರುವ ತಟ್ಟೆಯ ಕೋಶಗಳ ಮೇಲೆ ಬಿಡುತ್ತಾರೆ. ಒಂದು, ಎರಡು, ಮೂರು ದಿನ ಬಿಟ್ಟು ಎಂಟಿಟಿ ಅನ್ನುವ ಹಳದಿ ಬಣ್ಣ ಹಾಕುತ್ತಾರೆ. ಜೀವವಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ಸತ್ತ ಗುಳಿ ಹಳದಿಯಾಗೇ ಉಳಿಯುತ್ತದೆ. ಒಂದೇ ತಟ್ಟೆಯಲ್ಲಿ ಒಂದು ಸಾಲು ನೇರಳೆ ಹಣ್ಣಿನ ರಸದ ಹಾಗೆ, ಪಕ್ಕದ ಸಾಲು ಮಾಸಲು ಹಳದಿ. ಅಷ್ಟು ಸ್ಪಷ್ಟವಾಗಿ ಕಾಣುತ್ತದೆ. ಬದುಕುಳಿದ ಕೋಶಗಳು ಶೇ. 70ಕ್ಕಿಂತ ಕೆಳಗೆ ಬಂದರೆ ಐಎಸ್ಒ 10993-5 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಲೆಕ್ಕದಲ್ಲಿ ಆ ವಸ್ತು ಕೋಶಕ್ಕೆ ವಿಷ.

ಇಲ್ಲಿ ಎಚ್ಚರ ಬೇಕು. ಆಗಷ್ಟೇ ಕಲಸಿದ ಸಿಮೆಂಟ್ ಬೇರೆ, ಗಟ್ಟಿಯಾದ ಸಿಮೆಂಟ್ ಬೇರೆ. ಹಸಿಯಾಗಿದ್ದಾಗ ಬಹುಪಾಲು ಎಲ್ಲವೂ ಕೋಶಗಳನ್ನು ಕಾಡುತ್ತವೆ. ನೀರು ಬೆರೆಸಿ ತಿಳಿಯಾಗಿಸಿದರೆ ಅದೇ ವಸ್ತು ಬೆಳವಣಿಗೆಗೆ ನೆರವಾಗುವುದೂ ಉಂಟು. ಇನ್ನೊಂದು ವಿಷಯವನ್ನು ತುಂಬ ಜನ ಗಮನಿಸುವುದಿಲ್ಲ. ಕೋಶಗಳು ಸಂಖ್ಯೆಯಲ್ಲಿ ಹೆಚ್ಚುವುದು ಒಂದು ಕೆಲಸ, ಡೆಂಟಿನ್ ಕಟ್ಟುವುದು ಇನ್ನೊಂದು ಕೆಲಸ. ಕಟ್ಟಲು ಶುರು ಮಾಡಿದ ಕೋಶ ಸಾಮಾನ್ಯವಾಗಿ ಹೆಚ್ಚುವುದನ್ನು ನಿಧಾನ ಮಾಡುತ್ತದೆ. ಹಾಗಾಗಿ ನೇರಳೆ ಸ್ವಲ್ಪ ತೆಳುವಾಯಿತು ಅಂದಮಾತ್ರಕ್ಕೆ ವಸ್ತು ಕೆಟ್ಟದ್ದು ಅನ್ನಬಾರದು. ಸುಣ್ಣದ ಕಣ ಕಟ್ಟಿದೆಯಾ ಅಂತ ತೋರಿಸುವ ಅಲಿಜರಿನ್ ಕೆಂಪು ಬಣ್ಣದ ಪರೀಕ್ಷೆಯನ್ನೂ ಜೊತೆಗೆ ನೋಡಬೇಕು.

ತಿರುಳು ತೆರೆದಿದ್ದರೆ: ಮೂರರ ನಡುವೆ ಆಯ್ಕೆ

ನಿಜವಾದ ಹೋಲಿಕೆ ಇರುವುದು ಇಲ್ಲಿ.

ಹಳೆಯದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಎಲೆ ಅಡಿಕೆಗೆ ಹಚ್ಚುತ್ತೇವಲ್ಲ, ಆ ಸುಣ್ಣವೇ. (ಹಾಗಂತ ಮನೆಯ ಸುಣ್ಣದ ಡಬ್ಬಿಗೆ ಕೈ ಹಾಕಬೇಡಿ. ಬಾಯಿ ಸುಡುತ್ತದೆ, ಹಲ್ಲು ಉಳಿಯುವುದಿಲ್ಲ.) 1920ರಲ್ಲಿ ಜರ್ಮನಿಯ ಹರ್ಮನ್ ಇದನ್ನು ಹಲ್ಲಿನ ಚಿಕಿತ್ಸೆಗೆ ತಂದರು. ಇದರ ಪಿಎಚ್ (ಹುಳಿ-ಕ್ಷಾರದ ಅಳತೆ) 12ಕ್ಕೂ ಮೇಲೆ, ಅಂದರೆ ತುಂಬ ಕ್ಷಾರ. ತಾಗಿದ ಕಡೆ ತಿರುಳಿನ ತೆಳುವಾದ ಪದರ ಸುಟ್ಟುಹೋಗುತ್ತದೆ. ಅದರ ಕೆಳಗಿನ ಕೋಶಗಳು ಎಚ್ಚೆತ್ತು ಗಾಯದ ಅಡಿಯಲ್ಲಿ ಡೆಂಟಿನ್ ಗೋಡೆ ಕಟ್ಟುತ್ತವೆ. ಬ್ಯಾಕ್ಟೀರಿಯಾಗಳೂ ಇಷ್ಟು ಕ್ಷಾರದಲ್ಲಿ ಉಳಿಯುವುದು ಕಷ್ಟ. ಬೆಲೆ ಕಡಿಮೆ, ಎಲ್ಲ ಕಡೆ ಸಿಗುತ್ತದೆ. ತೊಂದರೆ ಏನಂದರೆ ಕಾಲ ಕಳೆದಂತೆ ಕರಗುತ್ತದೆ, ಹಲ್ಲಿಗೆ ಅಂಟುವುದಿಲ್ಲ. ಅದರಡಿ ಕಟ್ಟಿದ ಗೋಡೆಯಲ್ಲಿ ಸುರಂಗದಂಥ ತೂತುಗಳು ಉಳಿಯುತ್ತವೆ. ಮೇಲಿನ ಫಿಲ್ಲಿಂಗ್ ಸ್ವಲ್ಪ ಸೋರಿದರೂ ಆ ತೂತುಗಳೇ ಬ್ಯಾಕ್ಟೀರಿಯಾಗಳಿಗೆ ದಾರಿ.

ಎರಡನೆಯದು ಎಂಟಿಎ, ಅಂದರೆ ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್. 1993ರಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ಮತ್ತು ಸಂಗಡಿಗರು ಇದರ ಬಗ್ಗೆ ಮೊದಲು ಬರೆದರು. ಇದರಲ್ಲಿ ಸುಮಾರು ಮುಕ್ಕಾಲು ಪಾಲು ಪೋರ್ಟ್‌ಲ್ಯಾಂಡ್ ಸಿಮೆಂಟ್, ಸುಮಾರು ಶೇ. 20 ಬಿಸ್ಮತ್ ಆಕ್ಸೈಡ್, ಉಳಿದದ್ದು ಜಿಪ್ಸಂ. ಬಿಸ್ಮತ್ ಇರುವುದು ಎಕ್ಸ್‌ರೇಯಲ್ಲಿ ಕಾಣಲಿ ಅಂತ.

ಇಷ್ಟು ಹೇಳುತ್ತಿದ್ದಂತೆ ಆ ಗಾರೆ ಕೆಲಸದವರು ಎದ್ದು ನಿಂತರು. "ಪೋರ್ಟ್‌ಲ್ಯಾಂಡ್ ಅಂದ್ರೆ ನಾವು ಮನೆ ಕಟ್ಟೋ ಸಿಮೆಂಟೇ ಅಲ್ವಾ ಮೇಡಂ?"

ಹೌದು, ಅದೇ ಕುಲದ್ದು. ಆದರೆ ಭಾರಲೋಹಗಳ ಕಲ್ಮಶ ತೆಗೆದು, ನುಣ್ಣಗೆ ಮಾಡಿದ್ದು. ಹೊಸ ಗೋಡೆಗೆ ನೀರು ಹೊಡೆದಾಗ ಬಿಳಿ ಬಿಳಿಯಾಗಿ ಮೇಲೆ ಉಕ್ಕುತ್ತದಲ್ಲ ಅಂತ ಅವರನ್ನೇ ಕೇಳಿದೆ. "ಸುಣ್ಣ ಬಿಡ್ತದೆ" ಅಂದರು. ಹಲ್ಲಿನಲ್ಲೂ ನಡೆಯುವುದು ಅದೇ. ಈ ಸಿಮೆಂಟಿನಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟ್ ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಸ್ವಲ್ಪಸ್ವಲ್ಪವೇ ಸುಣ್ಣ ಬಿಡುತ್ತದೆ. ಕಲಸಿದಾಗ ಪಿಎಚ್ ಸುಮಾರು 10.2, ಮೂರು ಗಂಟೆಯ ಹೊತ್ತಿಗೆ 12.5. ಹಳೆಯ ಸುಣ್ಣ ಮಾಡುತ್ತಿದ್ದ ಒಳ್ಳೆಯ ಕೆಲಸವನ್ನೇ ಇದೂ ಮಾಡುತ್ತದೆ. ಆದರೆ ಕರಗಿ ಹೋಗದೆ ಕಲ್ಲಾಗಿ ಕೂರುತ್ತದೆ. ಅಂಚಿನಲ್ಲಿ ಸೋರಿಕೆ ಕಡಿಮೆ. ಗಟ್ಟಿಯಾದ ಎಂಟಿಎ ಮೇಲೆ ತಿರುಳಿನ ಕೋಶಗಳು ಕಾಲು ಚಾಚಿ ಹಿಡಿದುಕೊಂಡು ಬೆಳೆಯುತ್ತವೆ. ದೇಹದ ದ್ರವದಲ್ಲಿರುವ ಫಾಸ್ಫೇಟ್ ಸೇರಿ ಹಲ್ಲು, ಮೂಳೆಯಲ್ಲಿರುವಂಥ ಖನಿಜದ ಪದರ ಅದರ ಮೇಲೆ ಕಟ್ಟುತ್ತದೆ.

ಇದು ತಟ್ಟೆಯ ಮಾತು ಮಾತ್ರ ಆಗಬಾರದು ಅಂತ ಬಾಯಲ್ಲೂ ನೋಡಿದ್ದಾರೆ. 2013ರಲ್ಲಿ ಪ್ರಕಟವಾದ ಅಮೆರಿಕದ ಹಿಲ್ಟನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 376 ಮಂದಿ ಇದ್ದರು. ಎರಡು ವರ್ಷದ ಹೊತ್ತಿಗೆ ಸುಣ್ಣ ಹಾಕಿದವರಲ್ಲಿ ಶೇ. 31.5ರಷ್ಟು ವಿಫಲ, ಎಂಟಿಎ ಹಾಕಿದವರಲ್ಲಿ ಶೇ. 19.7. ವ್ಯತ್ಯಾಸ ದೊಡ್ಡದೇ. ಆದರೆ ಸುಣ್ಣ ಹಾಕಿದ ಮೂರರಲ್ಲಿ ಎರಡು ಹಲ್ಲು ಉಳಿದವು ಅನ್ನುವುದನ್ನೂ ಮರೆಯಬೇಡಿ. ದುಡ್ಡಿಲ್ಲದವರಿಗೆ "ಸುಣ್ಣ ಹಾಕಿದರೆ ಪ್ರಯೋಜನವೇ ಇಲ್ಲ" ಅಂತ ಹೇಳಿ ಹಲ್ಲು ಕೀಳಿಸುವುದು ಅನ್ಯಾಯ.

ಎಂಟಿಎಯ ಕಷ್ಟಗಳೂ ಇವೆ. ಒದ್ದೆ ಮರಳಿನ ಹಾಗೆ ಉದುರುತ್ತದೆ, ಕೂರಿಸಲು ಕೈ ಪಳಗಬೇಕು. ಮೂಲ ಎಂಟಿಎ ಗಟ್ಟಿಯಾಗಲು ಸುಮಾರು 2 ಗಂಟೆ 45 ನಿಮಿಷ. ಬಿಸ್ಮತ್‌ನಿಂದ ಹಲ್ಲು ಬೂದು ಬಣ್ಣಕ್ಕೆ ತಿರುಗಬಹುದು. ಮುಂದಿನ ಹಲ್ಲಿಗೆ ನಾನು ಹಾಕುವುದಿಲ್ಲ.

ಮೂರನೆಯದು ಬಯೋಡೆಂಟೀನ್, ಫ್ರಾನ್ಸಿನ ಸೆಪ್ಟೊಡಾಂಟ್ ಕಂಪನಿಯದು. ಇದೂ ಕ್ಯಾಲ್ಸಿಯಂ ಸಿಲಿಕೇಟೇ. ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇದೆ, ಹಾಗಾಗಿ ಬಣ್ಣ ಕೆಡುವುದು ಕಡಿಮೆ. ದ್ರವದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುವುದರಿಂದ ಸುಮಾರು 12 ನಿಮಿಷದಲ್ಲಿ ಬಿಗಿಯುತ್ತದೆ. ಪುಡಿಯ ಕ್ಯಾಪ್ಸೂಲಿಗೆ ಐದು ಹನಿ ದ್ರವ ಬಿಟ್ಟು, ಯಂತ್ರದಲ್ಲಿ 30 ಸೆಕೆಂಡ್ ಅಲುಗಿಸಿದರೆ ಬೆಣ್ಣೆಯಂಥ ಹದ ಬರುತ್ತದೆ. ಇದು ತಾಗಿದಾಗ ತಿರುಳಿನ ಕೋಶಗಳು ಟಿಜಿಎಫ್-ಬೀಟಾ 1 ಅನ್ನುವ ಸಂದೇಶದ ಪ್ರೋಟೀನನ್ನು ಹೆಚ್ಚು ಬಿಡುತ್ತವೆ. ಡೆಂಟಿನ್ ಕಟ್ಟುವ ಕೋಶಗಳನ್ನು ಕರೆತರುವುದರಲ್ಲಿ ಅದರ ಪಾತ್ರ ಇದೆ.

ಕೋಶಗಳ ಲೆಕ್ಕದಲ್ಲಿ ಎಂಟಿಎಗೂ ಬಯೋಡೆಂಟೀನ್‌ಗೂ ದೊಡ್ಡ ಅಂತರ ಇಲ್ಲ. ಒಂದು ಅಧ್ಯಯನದಲ್ಲಿ ಇದು ಮುಂದೆ, ಇನ್ನೊಂದರಲ್ಲಿ ಅದು. ಇವೆರಡರ ನಡುವೆ ಆರಿಸುವಾಗ ಕೋಶ ಬಿಟ್ಟು ಬೇರೆ ಕಾರಣ ನೋಡಿ. ಮುಂದಿನ ಹಲ್ಲಾ ಹಿಂದಿನ ಹಲ್ಲಾ, ಒಂದೇ ದಿನದಲ್ಲಿ ಮುಗಿಸಬೇಕಾ, ಕೈಗೆ ಯಾವುದು ಪಳಗಿದೆ. ಸುಣ್ಣವಾ ಇವೆರಡರಲ್ಲಿ ಒಂದಾ ಅನ್ನುವಾಗ ಮಾತ್ರ, ದುಡ್ಡು ಹೊಂದುವುದಾದರೆ ನನ್ನ ಮಾತು ಖಚಿತ: ಇವೆರಡರಲ್ಲಿ ಒಂದು.

ಲೈಟ್ ಹಾಕಿ ಗಟ್ಟಿ ಮಾಡುವುದು

ಇದೂ ಕ್ಯಾಲ್ಸಿಯಂ ಸಿಲಿಕೇಟೇ, ಆದರೆ ರಾಳ ಬೆರೆಸಿದ್ದು. ಸಿರಿಂಜಿನಿಂದ ಒತ್ತಿ, ನೀಲಿ ಲೈಟ್ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ಕಲ್ಲು. ಅವಸರದ ದಿನ ಕೈ ಅದರ ಕಡೆಗೇ ಹೋಗುತ್ತದೆ.

ಕೆಲವು ವರ್ಷದ ಹಿಂದೆ ಬೇಲೂರಿನ ಕಡೆಯ ಒಬ್ಬ ಕಾಲೇಜು ಹುಡುಗನ ತೆರೆದ ತಿರುಳಿನ ಮೇಲೆ ನಾನು ಇಂಥದ್ದನ್ನೇ ಹಾಕಿದೆ. ಸಂಜೆಯಾಗಿತ್ತು, ಹೊರಗೆ ಐದಾರು ಜನ ಕಾಯುತ್ತಿದ್ದರು. ನಾಲ್ಕು ತಿಂಗಳಿಗೆ ವಾಪಸ್ ಬಂದ. ಐಸ್ ತಾಗಿಸಿದರೂ ಹಲ್ಲಿಗೆ ಗೊತ್ತಾಗಲಿಲ್ಲ. ರೂಟ್ ಕೆನಾಲ್ ಮಾಡಬೇಕಾಯಿತು. ಒಂದು ಹಲ್ಲಿನಿಂದ ಆ ವಸ್ತುವೇ ಕಾರಣ ಅಂತ ತೀರ್ಮಾನ ಮಾಡಲಾಗದು. ಆದರೆ ಅದಾದ ಮೇಲೆ ಕೂತು ಓದಿದೆ. ಗಟ್ಟಿಯಾಗದೆ ಉಳಿದ ರಾಳದ ಸಣ್ಣ ಅಣುಗಳು ಕೋಶದೊಳಗೆ ನುಗ್ಗುತ್ತವೆ. ಕೋಶವನ್ನು ಕಾಯುವ ಗ್ಲುಟಾಥಯಾನ್ ಖಾಲಿಯಾಗುತ್ತದೆ. ಕೋಶ ಹೆಚ್ಚುವುದು ನಿಲ್ಲುತ್ತದೆ, ಆಮೇಲೆ ಸಾಯುತ್ತದೆ. ತಟ್ಟೆಯ ಪರೀಕ್ಷೆಗಳಲ್ಲಿ ಈ ರಾಳಮಿಶ್ರ ವಸ್ತು ಎಂಟಿಎ ಮತ್ತು ಬಯೋಡೆಂಟೀನ್‌ಗಿಂತ ಹಿಂದೆ ಬೀಳುತ್ತದೆ. ಈಗ ತೆರೆದ ತಿರುಳಿನ ಮೇಲೆ ನಾನು ಇದನ್ನು ಇಡುವುದೇ ಇಲ್ಲ. ನಡುವೆ ಡೆಂಟಿನ್ ಇದ್ದರೆ ಯೋಚಿಸಬಹುದು.

ಲವಂಗದ ಎಣ್ಣೆ ಮತ್ತು ಇತರರು

ಹಲ್ಲು ನೋವು ಬಂದರೆ ನಮ್ಮ ಕಡೆ ಹತ್ತಿಗೆ ಲವಂಗದ ಎಣ್ಣೆ ಹಾಕಿ ಇಡುತ್ತಾರೆ. ನೋವು ಇಳಿಯುವುದು ನಿಜ, ಅದರಲ್ಲಿರುವ ಯೂಜಿನಾಲ್ ನರವನ್ನು ಮಂಕಾಗಿಸುತ್ತದೆ. ಅದನ್ನೇ ಜಿಂಕ್ ಆಕ್ಸೈಡ್ ಜೊತೆ ಕಲಸಿದರೆ ಕ್ಲಿನಿಕ್‌ಗಳಲ್ಲಿ ತಾತ್ಕಾಲಿಕವಾಗಿ ಹಾಕುವ, ಲವಂಗದ ವಾಸನೆಯ ಸಿಮೆಂಟ್. ಡೆಂಟಿನ್ ನಡುವೆ ಇದ್ದರೆ ಹಲ್ಲಿಗೆ ಆರಾಮ. ಕೋಶಕ್ಕೆ ನೇರ ತಾಗಿದರೆ ಯೂಜಿನಾಲ್ ಕೊಲ್ಲುತ್ತದೆ. ಎಣ್ಣೆ ಇಟ್ಟು ನೋವು ಹೋಯಿತು ಅಂತ ವಾರಗಟ್ಟಲೆ ತಳ್ಳಬೇಡಿ. ಹಾಗೆ ತಳ್ಳಿ ತಿರುಳನ್ನು ಕಳೆದುಕೊಂಡವರನ್ನು ನಾನು ವಾರವಾರವೂ ನೋಡುತ್ತೇನೆ. ಕಿರಿಯ ಡಾಕ್ಟರುಗಳಿಗೆ ಇನ್ನೊಂದು ಮಾತು: ಇದರ ಮೇಲೆ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳದ ಫಿಲ್ಲಿಂಗ್) ಹಾಕಿದರೆ ರಾಳ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಗ್ಲಾಸ್ ಅಯಾನಮರ್ 1972ರ ಹೊತ್ತಿಗೆ ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಹೊರತಂದದ್ದು. ಹಲ್ಲಿಗೆ ಅಂಟುತ್ತದೆ, ಫ್ಲೋರೈಡ್ ಬಿಡುತ್ತದೆ. ಡೆಂಟಿನ್ ಮೇಲೆ ಒಳ್ಳೆಯ ಗೆಳೆಯ, ತೆರೆದ ತಿರುಳಿನ ಮೇಲೆ ಬೇಡ. ರಾಳ ಬೆರೆಸಿದ ಗ್ಲಾಸ್ ಅಯಾನಮರ್‌ನಲ್ಲಿ ಹೀಮಾ ಎಂಬ ಸಣ್ಣ ಅಣು ಇರುತ್ತದೆ. ಅದು ನೀರಿನಲ್ಲಿ ಕರಗಿ ಕೊಳವೆಗಳ ಮೂಲಕ ಇಳಿಯುತ್ತದೆ. ಕೋಶಗಳಿಗೆ ಸಾದಾ ಗ್ಲಾಸ್ ಅಯಾನಮರ್‌ಗಿಂತ ಇದು ಹೆಚ್ಚು ಕಷ್ಟ ಕೊಡುತ್ತದೆ.

ಕ್ಯಾಪ್ ಅಂಟಿಸುವ ಸಿಮೆಂಟುಗಳಲ್ಲಿ ಜಿಂಕ್ ಫಾಸ್ಫೇಟ್ ಕಲಸಿದಾಗ ತುಂಬ ಹುಳಿ, ಪಿಎಚ್ 2ರ ಹತ್ತಿರ. ಒಂದೆರಡು ದಿನದಲ್ಲಿ ತಣಿಯುತ್ತದೆ. ಡೆಂಟಿನ್ ತೆಳುವಾಗಿದ್ದರೆ ಕ್ಯಾಪ್ ಕೂರಿಸಿದ ರಾತ್ರಿ ಹಲ್ಲು ಜುಮುಗುಟ್ಟುವುದಕ್ಕೆ ಇದೂ ಒಂದು ಕಾರಣ. 1968ರಲ್ಲಿ ಡೆನಿಸ್ ಸ್ಮಿತ್ ಕಂಡುಹಿಡಿದ ಪಾಲಿಕಾರ್ಬಾಕ್ಸಿಲೇಟ್ ತಿರುಳಿಗೆ ಸೌಮ್ಯ. ಅದರ ಆಮ್ಲದ ಅಣು ದೊಡ್ಡದು, ಕೊಳವೆಗೆ ಇಳಿಯುವುದು ಕಷ್ಟ. ರೂಟ್ ಕೆನಾಲ್ ಆದ ಹಲ್ಲಿಗೆ ಈ ಚಿಂತೆಯೇ ಬೇಡ, ಅಲ್ಲಿ ಕೋಶಗಳೇ ಇಲ್ಲ.

ನಮ್ಮ ಊರಿನ ಲೆಕ್ಕ

ಪುಸ್ತಕದಲ್ಲಿ ಇಲ್ಲದ ಕೆಲವು ಕಾರಣ ಇಲ್ಲಿ ಆಯ್ಕೆಯನ್ನು ಬದಲಿಸುತ್ತವೆ. ಮೂಡಿಗೆರೆ, ಕಳಸದ ತೋಟಗಳಿಂದ ಬರುವವರಿಗೆ ನಾಳೆ ಬನ್ನಿ ಅನ್ನುವುದು ಸುಲಭವಲ್ಲ. ಕಾಫಿ ಕುಯ್ಲಿನ ಸಮಯದಲ್ಲಿ ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಯಿತು. ಅಂಥವರಿಗೆ 12 ನಿಮಿಷದಲ್ಲಿ ಬಿಗಿದು, ಅವತ್ತೇ ಮೇಲೆ ಫಿಲ್ಲಿಂಗ್ ಮುಗಿಯುವ ವಸ್ತುವೇ ಸರಿ. ಬೆಲೆ ಸ್ವಲ್ಪ ಜಾಸ್ತಿಯಾದರೂ ಎರಡನೇ ಸಲದ ಬಸ್ಸು, ಕೂಲಿ ಸೇರಿಸಿದರೆ ಅಷ್ಟೇ ಆಗುತ್ತದೆ.

ಕರೆಂಟ್ ಹೋದರೆ ಕ್ಯಾಪ್ಸೂಲ್ ಅಲುಗಿಸುವ ಯಂತ್ರ ನಿಲ್ಲುತ್ತದೆ. ಯುಪಿಎಸ್ ಇಲ್ಲದ ಕ್ಲಿನಿಕ್‌ನಲ್ಲಿ ಕೈಯಲ್ಲಿ ಕಲಸುವ ಎಂಟಿಎ ಒಂದು ಪೊಟ್ಟಣವಾದರೂ ಇರಲಿ. ಇನ್ನು ಮಲೆನಾಡಿನ ಮಳೆ. ಎಂಟಿಎ ಪುಡಿ ಗಾಳಿಯ ತೇವಕ್ಕೇ ಗಟ್ಟಿಯಾಗಲು ಶುರುವಾಗುತ್ತದೆ. ದುಬಾರಿ ಅಂತ ಅರ್ಧ ಉಳಿದ ಪೊಟ್ಟಣ ಮಡಚಿಟ್ಟು ಜುಲೈನಲ್ಲಿ ತೆಗೆದರೆ ಗಂಟುಗಂಟು. ಇದನ್ನು ಹೇಳಿದಾಗ ಆ ಅಪ್ಪ ತಲೆಯಾಡಿಸಿದರು. "ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಮೂಟೆ ನಾವೂ ಮುಟ್ಟಲ್ಲ ಮೇಡಂ." ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪುಡಿಯ ಚೀಲದ ಜೊತೆ ಇಡಿ. ಗಂಟು ಕಂಡರೆ ಎಸೆಯಿರಿ.

ಇಷ್ಟೆಲ್ಲ ಸಿಮೆಂಟಿನ ಮಾತಾಯಿತು. ಆದರೆ ಕ್ರಿಮಿ ಒಳಗೆ ಹೋಗದಿರುವುದು ಅದಕ್ಕಿಂತ ಮುಖ್ಯ. 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಹಲ್ಲಿನ ತಿರುಳನ್ನು ತೆರೆದು ಹಾಗೇ ಬಿಟ್ಟರು. ಕ್ರಿಮಿಯೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಏನೂ ಹಾಕದಿದ್ದರೂ ತಿರುಳು ಗೋಡೆ ಕಟ್ಟಿಕೊಂಡಿತು. ಸಾಮಾನ್ಯ ಇಲಿಗಳಲ್ಲಿ ಸತ್ತುಹೋಯಿತು. ಹಾಗಾಗಿ ಎಂಜಲು ತಾಗದಂತೆ ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಬಿಗಿಯುವ ರಬ್ಬರ್ ಹಾಳೆ) ಕಟ್ಟದೆ ಬಯೋಡೆಂಟೀನ್ ಹಾಕುವುದಕ್ಕಿಂತ, ಕಟ್ಟಿಕೊಂಡು ಸುಣ್ಣ ಹಾಕುವುದು ಮೇಲು ಅಂತ ನನ್ನ ಅಭಿಪ್ರಾಯ. ಡಾಕ್ಟರ ಹತ್ತಿರ ಹೋದಾಗ ಮೂರು ವಿಷಯ ಕೇಳಿ. ತಿರುಳು ತೆರೆದಿದೆಯಾ, ಡೆಂಟಿನ್ ಉಳಿದಿದೆಯಾ? ರಬ್ಬರ್ ಡ್ಯಾಮ್ ಹಾಕುತ್ತೀರಾ? ಯಾವ ಸಿಮೆಂಟ್? ಕೇಳಿದರೆ ಯಾವ ಡಾಕ್ಟರೂ ಬೇಸರ ಮಾಡಿಕೊಳ್ಳಬಾರದು.

ಆ ಮಗುವಿಗೆ ಕ್ರಿಮಿ ಕೊಲ್ಲುವ ಹೈಪೋಕ್ಲೋರೈಟ್ ದ್ರವದಲ್ಲಿ ಅದ್ದಿದ ಹತ್ತಿಯನ್ನು ಚುಕ್ಕೆಯ ಮೇಲೆ ಒತ್ತಿ ಹಿಡಿದೆ. ನಾಲ್ಕು ನಿಮಿಷಕ್ಕೆ ರಕ್ತ ನಿಂತಿತು. ನಿಲ್ಲದಿದ್ದರೆ ಮೇಲಿನ ತಿರುಳು ಕೆಟ್ಟಿದೆ ಅಂತ ಅರ್ಥ, ಇನ್ನೆರಡು ಮಿಲಿಮೀಟರ್ ತೆಗೆಯಬೇಕಾಗುತ್ತಿತ್ತು. ಊರು ದೂರ, ಹೊರಗೆ ಜೋರು ಮಳೆ, ಅದೃಷ್ಟಕ್ಕೆ ಕರೆಂಟ್ ಇತ್ತು. ಬಯೋಡೆಂಟೀನ್ ಹಾಕಿ, ಮೇಲೆ ಫಿಲ್ಲಿಂಗ್ ಮುಗಿಸಿ ಕಳಿಸಿದೆ.

ಆರು ತಿಂಗಳಿಗೆ ಬಂದಳು. ಎಕ್ಸ್‌ರೇಯಲ್ಲಿ ಸಿಮೆಂಟಿನ ಕೆಳಗೆ ತೆಳುವಾದ ಬಿಳಿ ಗೆರೆ ಇತ್ತು, ಬೇರಿನ ತುದಿ ಮೊದಲಿಗಿಂತ ಕಿರಿದಾಗಿತ್ತು. ಹಲ್ಲಿಗೆ ಐಸ್ ತಾಗಿಸಿ, ತಣ್ಣಗಾದರೆ ಕೈ ಎತ್ತು ಪುಟ್ಟಿ ಅಂದೆ. ತಕ್ಷಣ ಎತ್ತಿದಳು. ಮುಂದಿನ ಎಕ್ಸ್‌ರೇ ಈ ಮಳೆಗಾಲಕ್ಕೆ.